ಅಪ್ಪನ ಉದಾಸೀನ, ಅಮ್ಮನ ಮರೆವು: ಮನೆಯಲ್ಲಿ ಏನು ಗಮನಿಸಬೇಕು, ಡಾಕ್ಟರ ಹತ್ತಿರ ಏನು ಹೇಳಬೇಕು

ನಾವು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ಅಪ್ಪನನ್ನು. ಮರೆವಿನ ಕಾಯಿಲೆ ಇದ್ದದ್ದು ಅಮ್ಮನಿಗೆ, ಅಪ್ಪನದು ಖಿನ್ನತೆ.

ಅಪ್ಪ ಮಂಗಳೂರು-ಉಡುಪಿ ನಡುವೆ ಬಸ್ಸು ಓಡಿಸಿ ನಿವೃತ್ತರಾದವರು. ಒಂದೆರಡು ವರ್ಷದಿಂದ "ಮದತ್ ಪೋಂಡು, ಮದತ್ ಪೋಂಡು" ಎನ್ನುತ್ತಲೇ ಇದ್ದರು. ತುಳುವಿನಲ್ಲಿ ಮರೆತುಹೋಯಿತು ಅಂತ. ಕನ್ನಡಕ ಮರೆತರೂ ಹಾಗೆ, ಸ್ನೇಹಿತರ ಹೆಸರು ಮರೆತರೂ ಹಾಗೆ. ಅಮ್ಮ ಶಂಕರಪುರದ ಕಡೆಯವರು, ಮಲ್ಲಿಗೆ ಕಟ್ಟಿಯೇ ನಮ್ಮನ್ನು ಓದಿಸಿದವರು. ಫೋನಿನಲ್ಲಿ ಅರ್ಧ ಗಂಟೆ ಮಾತಾಡುತ್ತಿದ್ದರು. ಹಾಗಾಗಿ ಅವರ ಮೇಲೆ ನಮಗೆ ಸಂಶಯವೇ ಬರಲಿಲ್ಲ.

ಒಂದು ದಿನ ಕಟ್ಟೆಯಲ್ಲಿ ಹೂ ತೆಗೆದುಕೊಳ್ಳುವವರು ಅಕ್ಕನ ಹತ್ತಿರ ಮೆಲ್ಲಗೆ ಹೇಳಿದರು: "ಅಮ್ಮನ ಲೆಕ್ಕ ಈಗೀಗ ತಪ್ಪುತ್ತದೆ ಮಾರಾಯ್ರೆ." 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಲವತ್ತು ವರ್ಷ ಅಮ್ಮನ ಬೆರಳು ತಪ್ಪದ ಲೆಕ್ಕ ಅದು. ನಾವು ನಕ್ಕು ಬಿಟ್ಟೆವು. ಅರವತ್ತಕ್ಕೆ ಅರಳು ಮರಳು, ಅಮ್ಮನಿಗಂತೂ ಎಪ್ಪತ್ತನಾಲ್ಕು, ಅಲ್ವಾ?

ಮುಂದಿನದು ಆ ನಗುವಿನ ನಂತರ ನಾವು ಕಲಿತದ್ದು. ನಾನು ಡಾಕ್ಟರಲ್ಲ. ಮನೆಯವರು ಮಾಡಬಹುದಾದ, ಮಾಡಲೇಬೇಕಾದ ಕೆಲಸಗಳನ್ನು ಮಾತ್ರ ಬರೆಯುತ್ತೇನೆ.

ಮೊದಲು: ಹೆಣ್ಣಿಗೆ ಬೇರೆ, ಗಂಡಿಗೆ ಬೇರೆ ಕಣ್ಣು

ಖಿನ್ನತೆ ಹೆಂಗಸರಲ್ಲಿ ಗಂಡಸರಿಗಿಂತ ಒಂದೂವರೆಯಿಂದ ಎರಡು ಪಟ್ಟು ಜಾಸ್ತಿ ಕಾಣುತ್ತದೆ. ಹೆಚ್ಚುಕಡಿಮೆ ಎಲ್ಲಾ ದೇಶಗಳಲ್ಲೂ ಹೀಗೇ. ಆದರೆ ಆತ್ಮಹತ್ಯೆಯ ಲೆಕ್ಕ ತೆಗೆದರೆ ಚಿತ್ರ ತಿರುಗಿ ನಿಲ್ಲುತ್ತದೆ. ಭಾರತದಲ್ಲಿ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ನೂರು ಜನರಲ್ಲಿ 70ಕ್ಕೂ ಹೆಚ್ಚು ಮಂದಿ ಗಂಡಸರು. ಅಂದರೆ ಗಂಡಸರಿಗೆ ಖಿನ್ನತೆ ಬರುವುದಿಲ್ಲ ಅಂತಲ್ಲ. ಬಂದರೂ ಅವರು ಹೇಳುವುದಿಲ್ಲ, ನಮಗೆ ಗೊತ್ತಾಗುವುದೂ ಇಲ್ಲ.

ನಮ್ಮ ಊರಿನಲ್ಲಿ "ನನಗೆ ಖಿನ್ನತೆ" ಅಂತ ಯಾರೂ ಹೇಳುವುದಿಲ್ಲ. ಹೇಳುವುದು "ಉದಾಸೀನ ಆಗ್ತದೆ", "ತಲೆಬಿಸಿ", "ಬೇಜಾರ". ಅದಕ್ಕಿಂತಲೂ ಹೆಚ್ಚಾಗಿ ಮೈ ಮಾತಾಡುತ್ತದೆ. ಗ್ಯಾಸ್ಟ್ರಿಕ್, ಎದೆ ಉರಿ, ಕಾಲು ಸೆಳೆತ, ನಿದ್ದೆ ಇಲ್ಲ. ಹೆಂಗಸರು ಅಳಬಹುದು, ಯಾರ ಹತ್ತಿರವಾದರೂ ಹೇಳಿಕೊಳ್ಳಬಹುದು. ಗಂಡಸರಲ್ಲಿ ಅದೇ ದುಃಖ ಸಿಟ್ಟಾಗಿ, ಸಂಜೆಯ ಒಂದು ಪೆಗ್ಗು ಎರಡಾಗಿ, ಜನರಿಂದ ದೂರ ಕೂರುವುದಾಗಿ ಕಾಣುತ್ತದೆ. ನಮ್ಮ ಅಪ್ಪ ಯಕ್ಷಗಾನ ಆಟದ ಹುಚ್ಚಿನವರು. ಮೇಳ ಎಲ್ಲಿ ಬಯಲಾಟ ಹಾಕಿದರೂ ಬೆಳಗಿನವರೆಗೆ ಕೂರುತ್ತಿದ್ದವರು. ಆ ವರ್ಷ ಮನೆಯಿಂದ ಎರಡು ಫರ್ಲಾಂಗು ದೂರದಲ್ಲಿ ಆಟ ಇತ್ತು. ಚೆಂಡೆ ಕೇಳುತ್ತಿತ್ತು. ಅವರು ಕಿಟಕಿ ಹಾಕಿ ಮಲಗಿದರು. ನಾವು ಅದನ್ನು ವಯಸ್ಸು ಅಂದುಕೊಂಡೆವು.

ಮರೆವಿನ ವಿಷಯದಲ್ಲಿ ಇದೇ ಉಲ್ಟಾ. ಸರಾಸರಿ ತೆಗೆದರೆ, ಕೇಳಿದ ಪದಗಳನ್ನು ನೆನಪಿಟ್ಟು ಹೇಳುವುದರಲ್ಲಿ ಹೆಂಗಸರು ಮುಂದು. ಇದು ಒಳ್ಳೆಯದೇ. ಆದರೆ ತೊಂದರೆ ಇರುವುದೂ ಇಲ್ಲೇ. ಮೆದುಳಿನಲ್ಲಿ ಕಾಯಿಲೆ ಶುರುವಾದರೂ ಆ ಹೆಚ್ಚಿನ ಬಂಡವಾಳ ಸ್ವಲ್ಪ ಕಾಲ ಅದನ್ನು ಮುಚ್ಚಿಡುತ್ತದೆ. ಪರೀಕ್ಷೆಯಲ್ಲಿ ಪಾಸಾಗುತ್ತಾರೆ. ಗೊತ್ತಾಗುವಷ್ಟರಲ್ಲಿ ಕಾಯಿಲೆ ಮುಂದೆ ಹೋಗಿರುತ್ತದೆ. ಅಮ್ಮನನ್ನು ಮೊದಲ ಸಲ ತೋರಿಸಿದಲ್ಲಿ ಮೂರು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರು. ಅಮ್ಮ ಮೂರನ್ನೂ ಹೇಳಿದರು. ಜೊತೆಗೆ ಡಾಕ್ಟರನ್ನು ಊಟಕ್ಕೂ ಕರೆದರು. "ಏನೂ ಇಲ್ಲ, ವಯಸ್ಸು" ಅಂತ ಚೀಟಿ ಬರೆದು ಕಳುಹಿಸಿದರು. ಒಂದು ವರ್ಷ ಹಾಗೇ ಹೋಯಿತು.

ಹಾಗಾಗಿ ಅಮ್ಮ, ಅಜ್ಜಿ, ಅತ್ತೆಯ ಮಾತು ಕೇಳಿ ತೀರ್ಮಾನ ಮಾಡಬೇಡಿ. ಕೈಕೆಲಸ ನೋಡಿ. ಸಾರಿಗೆ ಉಪ್ಪು ಎರಡು ಸಲ ಬೀಳುತ್ತದಾ? ನೀರುದೋಸೆಯ ಹದ ತಪ್ಪಿತಾ? ಬೀಡಿ ಕಟ್ಟುವವರಾದರೆ ಕಟ್ಟಿನ ಲೆಕ್ಕ ಸರಿ ಬರುತ್ತದಾ? ಅಂಗಡಿಯಲ್ಲಿ ಚಿಲ್ಲರೆ ಎಣಿಸದೆ ಹಾಗೇ ನೋಟು ಕೊಟ್ಟುಬಿಡುತ್ತಾರಾ? ಗಂಡಸರ ಕೆಲಸ ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ರಸ್ತೆಯಲ್ಲಿ. ತಪ್ಪಿದರೆ ಯಾರಾದರೂ ಬಂದು ಹೇಳುತ್ತಾರೆ. ಅಡುಗೆಮನೆಯಲ್ಲಿ ತಪ್ಪಿದರೆ "ಇವತ್ತು ಸಾರು ಸರಿಯಾಗಿಲ್ಲ" ಅಂತ ಗೊಣಗಿ ಎದ್ದು ಹೋಗುತ್ತೇವೆ.

ಎರಡನೆಯದು: ಎರಡು ವಾರ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ಸಾಕು. ದಿನಕ್ಕೆ ಎರಡು ಸಾಲು. ಏನಾಯಿತು, ಎಷ್ಟು ಹೊತ್ತಿಗೆ, ಅದಕ್ಕೆ ಅವರು ಏನು ಹೇಳಿದರು. ಈ ಮೂರನೆಯದು ತುಂಬಾ ಮುಖ್ಯ.

ಖಿನ್ನತೆ ಇರುವವರು ಸಾಮಾನ್ಯವಾಗಿ ಮರೆವಿನ ಬಗ್ಗೆ ತಾವೇ ದೂರುತ್ತಾರೆ. "ನನ್ನ ಮಂಡೆ ಹೋಯಿತು, ಎಂತದೂ ನೆನಪಿಲ್ಲ." ಪ್ರಶ್ನೆ ಕೇಳಿದರೆ ಯೋಚಿಸುವ ಮೊದಲೇ "ಗೊತ್ತಿಲ್ಲ" ಎನ್ನುತ್ತಾರೆ. ಸ್ವಲ್ಪ ಸುಳಿವು ಕೊಟ್ಟರೆ ನೆನಪಾಗುತ್ತದೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಶುರುವಾದವರು ಹೆಚ್ಚಾಗಿ "ನನಗೆಂತ ಆಗಿದೆ? ಎಂತ ಇಲ್ಲ" ಎನ್ನುತ್ತಾರೆ. ತಪ್ಪಿಗೆ ಕಾರಣ ಹುಡುಕುತ್ತಾರೆ. ಸುಳಿವು ಕೊಟ್ಟರೂ ಅಷ್ಟಾಗಿ ಪ್ರಯೋಜನ ಇಲ್ಲ. ಕಟ್ಟೆಯವರು ಸರಿಯಾಗಿ ಎಣಿಸಲಿಲ್ಲ ಎಂಬುದು ಅಮ್ಮನ ವಾದ. ನಾವೂ ನಂಬಿದೆವು.

ಇದು ಗೆರೆ ಎಳೆದಂತೆ ಬೇರೆಬೇರೆ ಇರುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು. ಇಳಿವಯಸ್ಸಿನಲ್ಲಿ ಮೊದಲ ಸಲ ಬಂದ ಖಿನ್ನತೆ ಕೆಲವರಲ್ಲಿ ಡಿಮೆನ್ಷಿಯಾದ ಮುನ್ಸೂಚನೆಯೂ ಹೌದು. ಬೇರ್ಪಡಿಸುವ ಕೆಲಸ ಡಾಕ್ಟರದ್ದು. ನಿಮ್ಮದು ಬರೆದಿಡುವುದು ಮಾತ್ರ.

ಒಂದು ಕಡೆ ಮಾತ್ರ ಎರಡು ವಾರ ಕಾಯಬೇಡಿ. ನಿನ್ನೆಯವರೆಗೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ಗೊಂದಲಗೊಂಡರೆ, ಹಗಲು ತೂಕಡಿಸಿ ರಾತ್ರಿ ಎದ್ದು ಕೂಗಾಡಿದರೆ, ಇಲ್ಲದ್ದು ಕಾಣುತ್ತದೆ ಎಂದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೂತ್ರದ ಸೋಂಕು, ಸೋಡಿಯಂ ಇಳಿದದ್ದು, ಸಕ್ಕರೆ ಇಳಿದದ್ದು, ನ್ಯುಮೋನಿಯಾ, ಹೊಸ ಮಾತ್ರೆ, ಹೀಗೆ ಏನೋ ಒಂದು ಇರುತ್ತದೆ. ನಮ್ಮ ಕಡೆಗೆ ಇನ್ನೊಂದು ಸೇರಿಸಬೇಕು. ಮಳೆಗಾಲದಲ್ಲಿ ಅಂಗಳದ ಪಾಚಿಗೆ ಜಾರಿ ಬೀಳುವುದು. ಬಿದ್ದ ದಿನ ಏನೂ ಕಾಣುವುದಿಲ್ಲ. ಆದರೆ ತಲೆಯೊಳಗೆ ರಕ್ತ ನಿಧಾನಕ್ಕೆ ಸೇರಿಕೊಂಡು, ಎರಡು-ಮೂರು ವಾರದ ಮೇಲೆ ಮಂಕು ಕವಿಯಬಹುದು. ರಕ್ತ ತೆಳುವಾಗುವ ಮಾತ್ರೆ ತಿನ್ನುವವರಲ್ಲಿ ಇದರ ಭಯ ಹೆಚ್ಚು. "ಆಟಿ ತಿಂಗಳ ಮಳೆಯಲ್ಲಿ ಒಮ್ಮೆ ಬಿದ್ದಿದ್ದರು" ಎಂಬುದನ್ನು ಡಾಕ್ಟರಿಗೆ ಹೇಳಲು ಮರೆಯಬೇಡಿ.

ಮೂರನೆಯದು: ಸುಲಭವಾಗಿ ಸರಿಯಾಗುವುದನ್ನು ಮೊದಲು ಹುಡುಕಿ

ರಕ್ತ ಪರೀಕ್ಷೆ ದೊಡ್ಡ ಖರ್ಚಿನದಲ್ಲ. ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ, ಥೈರಾಯ್ಡ್, ಬಿ12, ಕಿಡ್ನಿ ಮತ್ತು ಲಿವರಿನದು. ಥೈರಾಯ್ಡ್ ಕಡಿಮೆಯಾಗುವುದು ಹೆಂಗಸರಲ್ಲಿ ಜಾಸ್ತಿ. ಅದು ಮಂಕು, ಉದಾಸೀನ, ಮರೆವು ಮೂರನ್ನೂ ತರಬಲ್ಲದು. ಬಿ12 ಮೀನು-ಮಾಂಸ ತಿನ್ನದ ಮನೆಗಳಲ್ಲಿ ಕಡಿಮೆ ಇರುವುದು ಸಾಮಾನ್ಯ. ಮೀನು ತಿನ್ನುವ ಮನೆಯಲ್ಲೂ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದರೆ, ಗ್ಯಾಸಿನ ಮಾತ್ರೆ ದಿನಾ ನುಂಗಿದರೆ ಬಿ12 ಇಳಿಯಬಹುದು.

ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಆಯುರ್ವೇದದ್ದು, ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು, ಎಲ್ಲವೂ. ಶೀತಕ್ಕೆ ಕೊಡುವ ಕೆಲವು ಮಾತ್ರೆ, ಪದೇಪದೇ ಮೂತ್ರ ಹೋಗುವುದನ್ನು ತಡೆಯುವ ಕೆಲವು ಮಾತ್ರೆ ವಯಸ್ಸಾದವರ ತಲೆಯನ್ನು ಮಂಕು ಮಾಡುತ್ತವೆ.

ನಿದ್ದೆ ಮಾತ್ರೆಯ ಕಥೆ ಕೇಳಿ. ಜೋಲ್ಪಿಡೆಮ್ ಎಂಬ ಮಾತ್ರೆ ಹೆಂಗಸರ ಮೈಯಿಂದ ನಿಧಾನವಾಗಿ ಇಳಿಯುತ್ತದೆ. ಬೆಳಿಗ್ಗೆಯೂ ಅಮಲು ಉಳಿದಿರುತ್ತದೆ. ಇದು ಲೆಕ್ಕಕ್ಕೆ ಬಂದದ್ದು ಮಾತ್ರೆ ಮಾರುಕಟ್ಟೆಗೆ ಬಂದು ಎಷ್ಟೋ ವರ್ಷ ಆದ ಮೇಲೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹೆಂಗಸರ ಪ್ರಮಾಣವನ್ನು 10 ಮಿಲಿಗ್ರಾಮಿನಿಂದ 5ಕ್ಕೆ ಇಳಿಸಿದರು. ಅಪ್ಪನಿಗೆ ಬರೆದ ನಿದ್ದೆ ಮಾತ್ರೆಯನ್ನು ಅಮ್ಮನಿಗೂ ಒಂದು ಕೊಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ಕಿವಿಯನ್ನು ಬಿಡಬೇಡಿ. ಅಪ್ಪ ಬಸ್ಸಿನ ಇಂಜಿನ್ನಿನ ಪಕ್ಕ ಕೂತು ಮೂವತ್ತು ವರ್ಷ ಕಳೆದವರು. ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಕೇಳದ್ದು ನೆನಪಿರುವುದಾದರೂ ಹೇಗೆ? ಕಿವಿ ಮಂದವಾಗುವುದು ಡಿಮೆನ್ಷಿಯಾಕ್ಕೆ ದೊಡ್ಡ ಕಾರಣಗಳಲ್ಲಿ ಒಂದು. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ಪಟ್ಟಿ ಮಾಡಿದ 14 ಕಾರಣಗಳಲ್ಲಿ ಅದೂ ಇದೆ, ಖಿನ್ನತೆಯೂ ಇದೆ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಬೊಜ್ಜು, ಸಿಗರೇಟು, ಹೆಚ್ಚಿನ ಕುಡಿತ, ತಲೆಗೆ ಪೆಟ್ಟು, ಕಣ್ಣು ಮಂದ, ಓದು ಕಡಿಮೆ, ಓಡಾಟ ಇಲ್ಲದ್ದು, ಜನಸಂಪರ್ಕ ಇಲ್ಲದ್ದು, ಗಾಳಿಯ ಕೊಳಕು ಉಳಿದವು. ಎಲ್ಲವನ್ನೂ ನಿಭಾಯಿಸಿದರೆ ಜಗತ್ತಿನಲ್ಲಿ ಸುಮಾರು 45 ಶೇಕಡಾ ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಲೆಕ್ಕ.

ನಾಲ್ಕನೆಯದು: ಎಲ್ಲಿಗೆ ಹೋಗುವುದು, ಏನು ಹೇಳುವುದು

ನಮ್ಮ ಕರಾವಳಿಯವರು ಈ ವಿಷಯದಲ್ಲಿ ಪುಣ್ಯವಂತರು. ಮಂಗಳೂರಿನಲ್ಲಿ ವೆನ್ಲಾಕ್ ಇದೆ, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇದೆ. ಮಣಿಪಾಲ, ಕಂಕನಾಡಿ, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳಲ್ಲಿ ಮನೋರೋಗ ವಿಭಾಗವೂ ನರರೋಗ ವಿಭಾಗವೂ ಇವೆ. "ಮೆಂಟಲ್ ಡಾಕ್ಟರ ಹತ್ತಿರ ಯಾಕೆ" ಅಂತ ಅಪ್ಪ ಹಟ ಹಿಡಿದರು. ಅಕ್ಕ "ಬಿಪಿ ತೋರಿಸಿ ಬರುವ" ಅಂತ ಮೊದಲು ಮಾಮೂಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರೇ ಮುಂದಕ್ಕೆ ಕಳುಹಿಸಿದರು. ಈ ದಾರಿ ಸುಲಭ.

ಹೊರಡುವ ಮೊದಲು ಫೋನು ಮಾಡಿ ಮಾತಾಡಬೇಕು ಅನಿಸಿದರೆ ಟೆಲಿ-ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ದಿನದ 24 ಗಂಟೆಯೂ, ಕನ್ನಡದಲ್ಲೂ. ದುಡ್ಡಿಲ್ಲ.

ಒಳಗೆ ಹೋದ ಮೇಲೆ ಮೂರು ವಿಷಯ ನೀವಾಗಿಯೇ ಹೇಳಿ.

ಒಂದು, ಎಷ್ಟು ಓದಿದ್ದಾರೆ ಎಂಬುದು. ಮರೆವಿನ ಪರೀಕ್ಷೆಗಳಲ್ಲಿ ಹಲವು ಶಾಲೆಗೆ ಹೋದವರಿಗಾಗಿ ಮಾಡಿದವು. ನೂರರಿಂದ ಏಳೇಳು ಕಳೆಯಿರಿ, ಈ ಚಿತ್ರ ನೋಡಿ ಬರೆಯಿರಿ ಎನ್ನುತ್ತಾರೆ. ಇವತ್ತು ಎಪ್ಪತ್ತೈದು ದಾಟಿದ ಎಷ್ಟೋ ಅಜ್ಜಿಯಂದಿರು ಮೂರನೇ ಕ್ಲಾಸು ದಾಟಿದವರಲ್ಲ. ಅವರಿಗೆ ಅಂಕ ಕಡಿಮೆ ಬಂದರೆ ಅದು ಕಾಯಿಲೆಯೋ ಶಾಲೆ ಇಲ್ಲದ್ದೋ ನೋಡಬೇಕು. ಓದಿಲ್ಲದವರಿಗೆ ಹೊಂದುವ ಪರೀಕ್ಷೆಗಳೂ ಇವೆ, ಕೇಳಿ.

ಎರಡು, ಮನೆಮಾತು. ಪರೀಕ್ಷೆ ಕನ್ನಡದಲ್ಲಿ ನಡೆಯುತ್ತದೆ, ಅಜ್ಜಿ ಯೋಚಿಸುವುದು ತುಳು, ಕೊಂಕಣಿ ಅಥವಾ ಬ್ಯಾರಿಯಲ್ಲಿ. ಪದ ಹುಡುಕಲು ತಡವಾಗುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ತುಳು ಬರುವ ಸಿಬ್ಬಂದಿಗೆ ಬರ ಇಲ್ಲ. "ತುಳುವಿನಲ್ಲಿ ಕೇಳಬಹುದಾ?" ಎನ್ನಲು ಸಂಕೋಚ ಬೇಡ. ಅಮ್ಮನ ಎರಡನೆಯ ಪರೀಕ್ಷೆ ಹಾಗೆಯೇ ಆಯಿತು. ಪದಗಳ ಪಟ್ಟಿಯೂ ಉದ್ದ ಇತ್ತು, ಲೆಕ್ಕ, ದಾರಿ, ಕೆಲಸದ ಕ್ರಮ ಎಲ್ಲ ಕೇಳಿದರು. ಆಗ ನಿಜ ಹೊರಗೆ ಬಂತು.

ಮೂರು, ನೋಟ್‌ಬುಕ್ಕಿನಲ್ಲಿ ಬರೆದದ್ದು. ಅದನ್ನು ಅವರ ಎದುರಿಗೇ ಓದಿ ಮರ್ಯಾದೆ ತೆಗೆಯಬೇಡಿ. ನೋಟ್‌ಬುಕ್ಕನ್ನೇ ಡಾಕ್ಟರ ಕೈಗೆ ಕೊಡಿ.

ಐದನೆಯದು: ಸುದ್ದಿ ಓದುವಾಗ

ಡಿಮೆನ್ಷಿಯಾ ತರುವ ಆಲ್ಜೈಮರ್ ಕಾಯಿಲೆಯ ಕಥೆ ಶುರುವಾದದ್ದೇ ಒಬ್ಬ ಹೆಂಗಸಿನಿಂದ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಬಂದ ಆಗಸ್ಟೆ ಡೀಟರ್‌ಗೆ ಆಗ 51 ವರ್ಷ. ಆಕೆಯನ್ನು ನೋಡಿದ ಡಾಕ್ಟರ್ ಅಲೋಯಿಸ್ ಆಲ್ಜೈಮರ್ 1906ರಲ್ಲಿ ಆ ವಿಷಯ ಮಂಡಿಸಿದರು. ಕಾಯಿಲೆಗೆ ಅವರ ಹೆಸರೇ ಬಂತು. ಆದರೆ ಮುಂದೆ ಪ್ರಯೋಗಶಾಲೆಗಳು ಹೆಣ್ಣನ್ನು ಹೊರಗಿಟ್ಟವು. 2011ರ ಒಂದು ಸಮೀಕ್ಷೆ ನೋಡಿದಂತೆ, ನರವಿಜ್ಞಾನದಲ್ಲಿ ಗಂಡು ಪ್ರಾಣಿಗಳ ಮೇಲೆ ಮಾತ್ರ ಮಾಡಿದ ಅಧ್ಯಯನಗಳು ಹೆಣ್ಣಿನ ಮೇಲೆ ಮಾತ್ರ ಮಾಡಿದ್ದಕ್ಕಿಂತ ಐದೂವರೆ ಪಟ್ಟು ಜಾಸ್ತಿ ಇದ್ದವು. ಖಿನ್ನತೆ ಜಾಸ್ತಿ ಹೆಂಗಸರಿಗೆ, ಪ್ರಯೋಗ ಗಂಡು ಇಲಿಗೆ. ಅಮೆರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ 2016ರಿಂದ ಎರಡನ್ನೂ ಗಣನೆಗೆ ತೆಗೆದುಕೊಳ್ಳಿ ಎಂದು ನಿಯಮ ಮಾಡಿತು. ಹಾಗಾಗಿ ಈ ವಿಷಯದಲ್ಲಿ ಹೊಸ ಸುದ್ದಿ ಈಗ ಜಾಸ್ತಿ ಬರುತ್ತಿದೆ. ವಾಟ್ಸಾಪಿಗೂ ಬರುತ್ತದೆ, ಬಾಲಂಗೋಚಿ ಹಚ್ಚಿಕೊಂಡು.

ಭಾರತದಲ್ಲಿ 60 ದಾಟಿದವರಲ್ಲಿ 7.4 ಶೇಕಡಾ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನ ಅಂದಾಜು ಮಾಡಿತು. ಹೆಂಗಸರಲ್ಲಿ ಜಾಸ್ತಿ, ಹಳ್ಳಿಯಲ್ಲಿ ಜಾಸ್ತಿ. ಆಯಸ್ಸು ಜಾಸ್ತಿ ಎಂಬುದು ಒಂದು ಕಾರಣ, ಶಾಲೆ ಸಿಗದ್ದು ಇನ್ನೊಂದು. ಆಲ್ಜೈಮರ್ ಅಪಾಯ ಹೆಚ್ಚಿಸುವ ಎಪೋಇ-4 ಎಂಬ ಜೀನು 65ರಿಂದ 75ರ ನಡುವೆ ಹೆಂಗಸರನ್ನು ಗಂಡಸರಿಗಿಂತ ಹೆಚ್ಚು ಕಾಡುತ್ತದೆ ಎಂಬುದೂ ಕಂಡಿದೆ. ಇತ್ತ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನುಗಳನ್ನು ವರ್ಷಗಳ ಅಂತರದಲ್ಲಿ ಹೋಲಿಸಿದ 2025ರ ಅಧ್ಯಯನವೊಂದರಲ್ಲಿ, ವಯಸ್ಸಾದಂತೆ ಮೆದುಳು ಸ್ವಲ್ಪ ಹೆಚ್ಚು ಕುಗ್ಗಿದ್ದು ಗಂಡಸರದ್ದು. ಕುಗ್ಗುವುದು ಗಂಡಸರಿಗೆ, ಕಾಯಿಲೆ ಹೆಂಗಸರಿಗೆ! ಅಂದರೆ ಮೆದುಳಿನ ಗಾತ್ರ ಒಂದರಿಂದ ಏನೂ ಇತ್ಯರ್ಥವಾಗುವುದಿಲ್ಲ. ಇವೆಲ್ಲ ಸರಾಸರಿಗಳು. ನಿಮ್ಮ ಅತ್ತೆಯೋ ಮಾವನೋ ಸರಾಸರಿ ಆಗಿರಬೇಕಾಗಿಲ್ಲ.

ಒಂದು ಎಚ್ಚರಿಕೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ತಗೊಂಡರೆ ನೆನಪು ಉಳಿಯುತ್ತದೆ ಅಂತ ಹೇಳುವವರಿದ್ದಾರೆ. 2003ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ 65 ದಾಟಿದ ಮೇಲೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಒಟ್ಟಿಗೆ ತೆಗೆದುಕೊಂಡವರಲ್ಲಿ ಡಿಮೆನ್ಷಿಯಾ ಸುಮಾರು ಎರಡು ಪಟ್ಟಾಯಿತು. ಮೈ ಬಿಸಿ, ಬೆವರಿಗೆ ಡಾಕ್ಟರು ಕೊಟ್ಟರೆ ಅದು ಬೇರೆ ವಿಷಯ. ಮರೆವಿಗೆ ಅಂತ ನೀವಾಗಿ ಶುರು ಮಾಡಬೇಡಿ. ಇನ್ನು ನಲವತ್ತೈದು-ಐವತ್ತರ ಅಕ್ಕಂದಿರು "ಫ್ರಿಜ್ಜು ತೆಗೆದೆ, ಯಾಕೆ ಅಂತ ಮರೆತೆ" ಎಂದು ಹೆದರುವುದು ಬೇಡ. ಮುಟ್ಟು ನಿಲ್ಲುವ ಹೊತ್ತಿನ ಈ ಮಂಕು ಹೆಚ್ಚಿನವರಲ್ಲಿ ಆಮೇಲೆ ತಿಳಿಯಾಗುತ್ತದೆ. ಮನಸ್ಸು ಕುಗ್ಗಿದ್ದರೆ ಮಾತ್ರ ತೋರಿಸಿ, ಆ ಕಾಲ ಖಿನ್ನತೆಗೂ ಹದವಾದ ಕಾಲ.

ಆರನೆಯದು: ಮಾತ್ರೆ ಶುರುವಾದ ಮೇಲೆ

ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯ ಹಾಗಲ್ಲ. ಗುಣ ಕಾಣಲು ನಾಲ್ಕರಿಂದ ಆರು ವಾರ, ವಯಸ್ಸಾದವರಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಎರಡನೇ ವಾರಕ್ಕೆ "ಎಂತ ಪ್ರಯೋಜನ ಇಲ್ಲ" ಅಂತ ಬಿಡುವವರೇ ಹೆಚ್ಚು. ಹುಷಾರಾದ ಮೇಲೂ ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡಿ. ಈ ಮಾತ್ರೆಗಳಲ್ಲಿ ಹಲವು ಸೋಡಿಯಂ ಇಳಿಸುತ್ತವೆ. ವಯಸ್ಸಾದ ಹೆಂಗಸರಲ್ಲಿ, ಬಿಪಿಗೆ ನೀರಿನ ಮಾತ್ರೆ ತಿನ್ನುವವರಲ್ಲಿ ಈ ಅಪಾಯ ಹೆಚ್ಚು. ಶುರು ಮಾಡಿದ ಮೊದಲ ವಾರಗಳಲ್ಲಿ ಒಮ್ಮೆ ಸೋಡಿಯಂ ನೋಡಿಸಬೇಕಾ ಅಂತ ಕೇಳಿ.

ಬದುಕು ಸಾಕು ಎಂಬ ಮಾತು ಬಂದರೆ ಸುಮ್ನೆ ತಮಾಷೆ ಎಂದುಕೊಳ್ಳಬೇಡಿ. ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ. ತೋಟದ ಕಳೆನಾಶಕ, ಕೀಟನಾಶಕದ ಬಾಟಲಿಗಳನ್ನು ಅವತ್ತೇ ಬೀಗದೊಳಗೆ ಇಡಿ.

ಐದನೇ ವಾರದಲ್ಲಿ ಅಪ್ಪ ಪೇಪರು ನೋಡುತ್ತಾ "ಇವತ್ತು ಮೇಳ ಎಲ್ಲಿ ಮಾರಾಯ?" ಎಂದರು. ಮರೆವಿನ ದೂರು ಅರ್ಧಕ್ಕರ್ಧ ಹೋಯಿತು. ಕಿವಿಗೆ ಮೆಷಿನ್ನು ಬಂದ ಮೇಲೆ ಉಳಿದದ್ದರಲ್ಲೂ ಸ್ವಲ್ಪ ಹೋಯಿತು. ಅಮ್ಮನದು ಹಿಂದಕ್ಕೆ ಬರುವ ಕಾಯಿಲೆಯಲ್ಲ. ಮಾತ್ರೆಯಿಂದ ಅಲ್ಪಸ್ವಲ್ಪ ಸಹಾಯ. ಅದಕ್ಕಿಂತ ದಿನದ ಕ್ರಮ ಬದಲಿಸಿದ್ದರಿಂದ ಹೆಚ್ಚು ಸಹಾಯ ಆಯಿತು. ಗ್ಯಾಸು ಅಕ್ಕ ಬಂದ ಮೇಲೆಯೇ. ಬೆಳಿಗ್ಗೆ ನಡಿಗೆ, ಸಂಜೆ ಭಜನೆ. ಹೂ ಕಟ್ಟುವುದನ್ನು ಬಿಡಿಸಲಿಲ್ಲ, ಬೆರಳಿಗೆ ಅದು ಇನ್ನೂ ಚೆನ್ನಾಗಿ ಗೊತ್ತು. ಎಣಿಸುವುದು ಅಪ್ಪ.

ಕೊನೆಯದು: ನೋಡಿಕೊಳ್ಳುವವರು

ಹೆಚ್ಚಿನ ಮನೆಗಳಲ್ಲಿ ನೋಡಿಕೊಳ್ಳುವುದು ಮಗಳು, ಸೊಸೆ, ಇಲ್ಲವೇ ಹೆಂಡತಿ. ಮಗ ದುಬೈಯಲ್ಲೋ ಮುಂಬೈಯಲ್ಲೋ ಇರುತ್ತಾನೆ, ದುಡ್ಡು ಕಳುಹಿಸುತ್ತಾನೆ, ಫೋನಿನಲ್ಲಿ ಸಲಹೆ ಕೊಡುತ್ತಾನೆ. ನಾನು ಮಂಗಳೂರಿನಲ್ಲೇ ಇದ್ದುಕೊಂಡು ಅದನ್ನೇ ಮಾಡಿದೆ. ನೋಡಿಕೊಳ್ಳುವವರಿಗೆ ಖಿನ್ನತೆ ಬರುವುದು ತುಂಬಾ ಸಾಮಾನ್ಯ. ಹಾಗಾಗಿ ಮೇಲಿನ ನೋಟ್‌ಬುಕ್ಕಿನಲ್ಲಿ ಅವರಿಗೂ ಒಂದು ಪುಟ ಬೇಕು. ನಿದ್ದೆ ಎಷ್ಟು, ಊಟ ಎಷ್ಟು ಹೊತ್ತಿಗೆ, ಮನೆಯಿಂದ ಹೊರಗೆ ಹೋಗಿ ಎಷ್ಟು ದಿನ ಆಯಿತು. ಹಿರಿಯರ ವಿಷಯಕ್ಕೆ ಸರ್ಕಾರದ ಸಹಾಯವಾಣಿ 14567 ಇದೆ, ಪಿಂಚಣಿ, ಕಾನೂನು, ಆರೈಕೆಯ ಮಾಹಿತಿ ಕೇಳಬಹುದು. ಆದರೆ ಮೊದಲ ಸಹಾಯ ಮನೆಯೊಳಗಿಂದಲೇ ಆಗಬೇಕು. ವಾರದಲ್ಲಿ ಒಂದು ದಿನ ಪೂರ್ತಿ ಇನ್ನೊಬ್ಬರು ವಹಿಸಿಕೊಳ್ಳಬೇಕು. ಮಾತ್ರೆಯ ಹೊತ್ತು, ಸ್ನಾನ, ರಾತ್ರಿ ಎದ್ದು ಕೂರುವುದು, ಎಲ್ಲ ಸೇರಿ.

ನಮ್ಮ ಮನೆಯಲ್ಲಿ ಈಗ ಶನಿವಾರ ನನ್ನದು. ಮೊದಲ ಶನಿವಾರ ಬೆಳಿಗ್ಗೆ ಬಸ್ಸಿಳಿದು ಹೋದೆ. ಅಕ್ಕ ಪೇಟೆಗೆ ಹೋಗುತ್ತಾಳೆ, ಗೆಳತಿಯ ಮನೆಗೆ ಹೋಗುತ್ತಾಳೆ ಅಂದುಕೊಂಡಿದ್ದೆ. ಅವಳು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸಂಜೆ ನಾಲ್ಕೂವರೆಯವರೆಗೆ ಮಲಗಿದಳು.